ಡೀಸೆಲ್ ಜನರೇಟರು: ಅದರ ಹೊಗೆ, ಅದರ ಸದ್ದು, ಅದರ ಕಾಯಿದೆ



ಸಂಜೆ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರಲ್ಲಿ ಮುಖ್ಯವಾಗಿ ಮೂರು ಬಗೆಯ ಜನರಿದ್ದಾರೆ: ಗಿರಣಿ ಕಾರಖಾನೆಗಳಲ್ಲಿ ದುಡಿಯುವವರು, ಹೋಟೆಲು ಅಂಗಡಿ ನಡೆಸುವವರು, ಮತ್ತು ಕೆಲಸದಿಂದ ನಿವೃತ್ತರಾಗಿ ಸೊಸೈಟಿಯ ಮನೆಗಳಲ್ಲಿ ಇರುವ ಹಿರಿಯರು. ಈ ಮೂವರೂ ಒಂದೇ ಯಂತ್ರದ ಬಗ್ಗೆ ಮೂರು ಮಾತು ಆಡುತ್ತಾರೆ. ಕರೆಂಟು ಹೋದಾಗ ಜನರೇಟರು ನಡೆಯದಿದ್ದರೆ ಬಣ್ಣದ ತೊಟ್ಟಿಯಲ್ಲಿದ್ದ ಬಟ್ಟೆ ಹಾಳಾಗುತ್ತದೆ, ಪಾಳಿಯ ಕೂಲಿ ಕೈತಪ್ಪುತ್ತದೆ ಎಂದು ಮೊದಲಿನವರು ಹೇಳುತ್ತಾರೆ. ಫ್ರಿಜ್ಜಿನಲ್ಲಿಟ್ಟ ಹಾಲು ಹಿಟ್ಟು ಉಳಿಯಬೇಕಾದರೆ ಅದು ಬೇಕೇ ಬೇಕು ಎಂದು ಎರಡನೆಯವರು ಹೇಳುತ್ತಾರೆ. ಮೂರನೆಯವರಿಗೆ ಮಾತ್ರ ಅದು ಕಿಟಕಿಯಿಂದ ಒಳಗೆ ಬರುವ ಹೊಗೆ, ರಾತ್ರಿಯ ನಿದ್ದೆ ಕೆಡಿಸುವ ಗದ್ದಲ. "ಇದಕ್ಕೆ ಕಾಯಿದೆ ಅಂತ ಒಂದು ಇಲ್ಲವೇ?" ಎಂದು ಕಳೆದ ಮಳೆಗಾಲದಲ್ಲಿ ಹಲವರು ಕೇಳಿದರು. ಅದಕ್ಕೆ ಉತ್ತರವಾಗಿ ಈ ಲೇಖನ.

ಕಾಯಿದೆ ಇದೆ. ಬೇಕಾದಷ್ಟು ಇದೆ. ಅದರ ಮುಖ್ಯ ಭಾಗವನ್ನು ಓದು ಬರಹ ಬಲ್ಲ ಯಾರೇ ಆದರೂ ರಸ್ತೆಯಲ್ಲಿ ನಿಂತೇ ಪರೀಕ್ಷಿಸಬಹುದು. ಆದರೆ ಆ ಕಾಯಿದೆ ಒಂದೊಂದೇ ಯಂತ್ರವನ್ನು ನೋಡುತ್ತದೆ, ಓಣಿಯ ಯಂತ್ರಗಳನ್ನೆಲ್ಲ ಕೂಡಿಸಿ ನೋಡುವುದಿಲ್ಲ. ನಾವು ಉಸಿರಾಡುವುದಾದರೋ ಕೂಡಿದ ಮೊತ್ತವನ್ನು. ಈ ಎರಡು ಮಾತುಗಳನ್ನು ಬಿಡಿಸಿ ಹೇಳುವುದೇ ಇಲ್ಲಿಯ ಉದ್ದೇಶ.

ಜನರೇಟರು ನಮ್ಮಲ್ಲಿಗೆ ಬಂದ ಬಗೆ

ನಮ್ಮ ಭಾಗಕ್ಕೆ ವಿದ್ಯುತ್ತು ಹೊಸದಲ್ಲ. ೧೯೧೫ರಲ್ಲಿಯೇ ಘಟ್ಟದ ಬುಡದ ಖೋಪೋಲಿಯಿಂದ ಟಾಟಾ ಕಂಪನಿಯವರ ಜಲವಿದ್ಯುತ್ತು ಮುಂಬಯಿಯ ಗಿರಣಿಗಳಿಗೆ ಹರಿಯತೊಡಗಿತು. ಕಲ್ಯಾಣ ಡೊಂಬಿವಲಿಗಳ ನಡುವಿನ ಠಾಕುರ್ಲಿಯಲ್ಲಿ ಜಿ.ಐ.ಪಿ. ರೈಲ್ವೆಯವರು ತಮ್ಮ ವಿದ್ಯುತ್ ರೈಲುಗಳಿಗಾಗಿ ಕಲ್ಲಿದ್ದಲಿನ ವಿದ್ಯುದಾಗಾರವನ್ನು ೧೯೨೯ರಲ್ಲಿ ಆರಂಭಿಸಿದರು. ಅದು ಎಂಬತ್ತರ ದಶಕದಲ್ಲಿ ನಿಂತುಹೋಯಿತು. ಹಾಗಿದ್ದರೂ ನಮ್ಮ ಕಟ್ಟಡಗಳಿಗೆ, ಅಂಗಡಿಗಳಿಗೆ ಡೀಸೆಲ್ ಯಂತ್ರ ಬಂದುದು ಹೆಚ್ಚಾಗಿ ಈ ಶತಮಾನದ ಆರಂಭದ ವರ್ಷಗಳಲ್ಲಿ.

೨೦೦೫ರ ಜೂನ್ ತಿಂಗಳಲ್ಲಿ ಹಳೆಯ ವಿದ್ಯುತ್ ಮಂಡಳಿಯನ್ನು ಒಡೆದು ಮಹಾವಿತರಣವೇ ಮೊದಲಾದ ಕಂಪನಿಗಳನ್ನು ಮಾಡಿದರು. ಅದೇ ಕಾಲಕ್ಕೆ ರಾಜ್ಯದಲ್ಲಿ ವಿದ್ಯುತ್ತಿನ ಕೊರತೆ ಬಲವಾಗಿತ್ತು. ಮುಂಬಯಿ ನಗರಕ್ಕೆ ಬೇರೆ ಕಂಪನಿಗಳ ಸರಬರಾಜು ಇದ್ದುದರಿಂದ ಅಲ್ಲಿ ದೀಪ ಉರಿಯುತ್ತಿತ್ತು. ಖಾಡಿ ದಾಟಿ ಈಚೆ ಬಂದರೆ ಲೋಡ್ ಶೆಡ್ಡಿಂಗ್. ಯಾವ ವಿಭಾಗದಲ್ಲಿ ವಿದ್ಯುತ್ತಿನ ಸೋರಿಕೆ ಹೆಚ್ಚು, ಬಿಲ್ಲಿನ ವಸೂಲಿ ಕಡಿಮೆ, ಅಲ್ಲಿಗೆ ಕತ್ತಲೆಯ ಪಾಲು ಹೆಚ್ಚು ಎಂಬ ಲೆಕ್ಕ. ನಾನು ಶಾಲೆಯ ಕೊನೆಯ ತರಗತಿಗಳನ್ನು ಓದಿದ್ದು ಆ ವರ್ಷಗಳಲ್ಲಿಯೇ. ಅಂಗಡಿಗಳ ಮುಂದೆ ಕಾಲುದಾರಿಯ ಮೇಲೆಯೇ ಚಿಕ್ಕ ಯಂತ್ರಗಳು ಗಡಗಡ ಎನ್ನುತ್ತಿದ್ದವು. ಸಂಜೆಯ ಪೇಟೆಗೆಲ್ಲ ಅದೇ ವಾಸನೆ.

ದಿನನಿತ್ಯದ ಆ ಕೊರತೆ ಮುಂದೆ ನೀಗಿತು. ಆದರೆ ಯಂತ್ರಗಳು ಹೋಗಲಿಲ್ಲ, ಬೆಳೆದವು. ಎತ್ತರದ ಕಟ್ಟಡಗಳಿಗೆ ಲಿಫ್ಟು, ನೀರೇರಿಸುವ ಪಂಪು, ಬೆಂಕಿ ನಂದಿಸುವ ವ್ಯವಸ್ಥೆ ಇವುಗಳಿಗೆ ಬದಲಿ ವಿದ್ಯುತ್ತು ಬೇಕಾಯಿತು. ಆಸ್ಪತ್ರೆಗಳಿಗಂತೂ ಕೇಳಬೇಕಾಗಿಲ್ಲ. ೨೦೨೦ರ ಅಕ್ಟೋಬರ್ ೧೨ರ ಬೆಳಿಗ್ಗೆ ಪಡಘೆ ಮತ್ತು ಕಳವೆಗಳ ನಡುವಿನ ೪೦೦ ಕಿಲೋವೋಲ್ಟಿನ ತಂತಿಗಳು ಕೆಲಸ ನಿಲ್ಲಿಸಿದಾಗ ಮುಂಬಯಿ, ಥಾಣೆ, ನವಿ ಮುಂಬಯಿಗಳಲ್ಲಿ ಒಮ್ಮೆಗೇ ವಿದ್ಯುತ್ತು ಹೋಯಿತು. ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತವು. ಅದು ಕರೋನಾದ ವರ್ಷ; ಆಸ್ಪತ್ರೆಗಳ ಹಾಸಿಗೆಗಳ ಮೇಲೆ ಉಸಿರಿಗೆ ಯಂತ್ರವನ್ನೇ ನಂಬಿದ ರೋಗಿಗಳಿದ್ದರು. ಆ ಹೊತ್ತಿನಲ್ಲಿ ಆಸ್ಪತ್ರೆಗಳನ್ನು ಕಾಪಾಡಿದ್ದು ಡೀಸೆಲ್ ಜನರೇಟರು. ಆದುದರಿಂದ ಅದನ್ನು ಬರಿದೆ ಬೈದು ಪ್ರಯೋಜನವಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ತಿರುಗಿಸಿ ಹೇಳಿದರೆ ಇದರ ಸ್ವಭಾವ ತಿಳಿಯುತ್ತದೆ: ಮನೆಗೆ ಉಪಕಾರಿ, ನೆರೆಗೆ ಮಾರಿ. ಆ ಮಾರಿಯ ಅಂಶವನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ವಿಚಾರ.

ಯಂತ್ರದ ಒಳಗೆ ನಡೆಯುವುದೇನು

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು ೧೮೯೭ರಲ್ಲಿ ಆಗ್ಸ್‌ಬರ್ಗ್ ಎಂಬ ಊರಿನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಿ ಇಂಧನವನ್ನು ಉರಿಸುತ್ತಾರೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬೆಚ್ಚಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಹಾಗೆ ಕಾದ ಗಾಳಿಗೆ ಇಂಧನವನ್ನು ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆ ಬಲದಿಂದ ಅಚ್ಚು ತಿರುಗಿ, ಅದಕ್ಕೆ ಜೋಡಿಸಿದ ಜನರೇಟರು ವಿದ್ಯುತ್ತನ್ನು ಕೊಡುತ್ತದೆ.

ಕೊಳೆ ಹುಟ್ಟುವುದೂ ಇಲ್ಲಿಯೇ. ಇಂಧನದ ಹನಿಯ ಸುತ್ತ ಗಾಳಿ ಸಾಲದೆ ಬಂದ ಕಡೆ ಅದು ಪೂರ್ತಿ ಉರಿಯದೆ ಮಸಿಯಾಗುತ್ತದೆ. ಉರಿ ಬಹಳ ಬಿಸಿಯಾದ ಕಡೆ ಗಾಳಿಯಲ್ಲಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಗಂಟಲನ್ನೂ ಎದೆಯನ್ನೂ ಕೆರಳಿಸುವ ಅನಿಲವಾಗುತ್ತದೆ. ಬಿಸಿ ಹೆಚ್ಚಿಸಿದರೆ ಮಸಿ ಕಡಿಮೆಯಾಗಿ ಈ ಅನಿಲ ಹೆಚ್ಚುತ್ತದೆ. ಬಿಸಿ ತಗ್ಗಿಸಿದರೆ ಅನಿಲ ಇಳಿದು ಮಸಿ ಏರುತ್ತದೆ. ಎರಡನ್ನೂ ಒಟ್ಟಿಗೆ ತಗ್ಗಿಸಬೇಕಾದರೆ ಎಂಜಿನ್ನಿನ ಹೊರಗೆ, ಹೊಗೆಯ ಹಾದಿಯಲ್ಲಿ, ಬೇರೆ ಉಪಕರಣ ಕೂಡಿಸಬೇಕು. ಮಸಿಗೆ ಸೋಸುವ ಜಾಲರಿ. ಅನಿಲಕ್ಕೆ ಯೂರಿಯಾ ದ್ರಾವಣದ ಸಿಂಪಡಿಕೆ.

ಈ ಮಸಿಯ ಕಣ ಕಣ್ಣಿಗೆ ಕಾಣುವ ಧೂಳಿನಂತಲ್ಲ. ಬಹಳ ಸೂಕ್ಷ್ಮವಾದ್ದರಿಂದ ಮೂಗಿನ ಕೂದಲಿಗೆ ಸಿಗದೆ ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೧೨ರ ಜೂನ್ ತಿಂಗಳಲ್ಲಿ ಡೀಸೆಲ್ ಎಂಜಿನ್ನಿನ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಇಂಧನದ ಮಟ್ಟಿಗೆ ನಮ್ಮ ದೇಶದಲ್ಲಿ ಸುಧಾರಣೆ ಆಗಿದೆ ಎಂಬುದನ್ನೂ ಹೇಳಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಡೀಸೆಲಿನಲ್ಲಿ ಶೇಕಡಾ ಒಂದರವರೆಗೆ ಗಂಧಕ ಇರಬಹುದಾಗಿತ್ತು. ೨೦೨೦ರ ಏಪ್ರಿಲ್ ೧ರಿಂದ ಪಂಪುಗಳಲ್ಲಿ ಮಾರುವ ಡೀಸೆಲಿನಲ್ಲಿ ಅದರ ಸಾವಿರದಲ್ಲೊಂದು ಪಾಲು ಮಾತ್ರ ಇರಬಹುದು.

ದೊಡ್ಡ ಸ್ಥಾವರ, ಚಿಕ್ಕ ಸ್ಥಾವರ

ಹೋಲಿಕೆಗಾಗಿ ಒಮ್ಮೆ ತವರಿನ ಕಡೆ ಹೋಗಿ ಬರೋಣ. ಕರ್ನಾಟಕದಲ್ಲಿ ವಿದ್ಯುತ್ತಿನ ಅಭಾವವಿದ್ದ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಸರಕಾರಿ ಡೀಸೆಲ್ ವಿದ್ಯುತ್ ಸ್ಥಾವರವೊಂದು ಎದ್ದಿತು. ೨೧.೩೨ ಮೆಗಾವ್ಯಾಟಿನ ಆರು ಎಂಜಿನ್ನುಗಳು, ಒಟ್ಟು ಸುಮಾರು ೧೨೮ ಮೆಗಾವ್ಯಾಟ್. ೨೦೦೧ರ ಸುಮಾರಿಗೆ ಬೆಳಗಾವಿಯಲ್ಲಿ ಟಾಟಾ ಕಂಪನಿಯ ೮೧ ಮೆಗಾವ್ಯಾಟಿನ ಸ್ಥಾವರವೂ, ಕಾಸರಗೋಡಿನ ಮೈಲಾಟಿಯಲ್ಲಿ ಸುಮಾರು ೨೨ ಮೆಗಾವ್ಯಾಟಿನ ಚಿಕ್ಕ ಸ್ಥಾವರವೂ ಬಂದವು. ಎಣ್ಣೆ ಸುಟ್ಟು ಮಾಡಿದ ವಿದ್ಯುತ್ತು ದುಬಾರಿ. ಕಲ್ಲಿದ್ದಲು, ನೀರು, ಗಾಳಿ, ಬಿಸಿಲುಗಳ ವಿದ್ಯುತ್ತು ಸಾಕಷ್ಟು ದೊರೆತಂತೆಲ್ಲ ಇವು ಒಂದೊಂದಾಗಿ ಹಿಂದೆ ಸರಿದವು. ಯಲಹಂಕದಲ್ಲಿ ಈಗ ಅನಿಲದಿಂದ ನಡೆಯುವ ೩೭೦ ಮೆಗಾವ್ಯಾಟಿನ ಸ್ಥಾವರವಿದೆ.

ಇಂಥ ದೊಡ್ಡ ಎಂಜಿನ್ನುಗಳಿಗೆ, ಅಂದರೆ ೦.೮ ಮೆಗಾವ್ಯಾಟಿಗಿಂತ ಮೇಲ್ಪಟ್ಟವುಗಳಿಗೆ, ಕೇಂದ್ರ ಸರಕಾರ ೨೦೦೨ರ ಜುಲೈಯಲ್ಲಿ ಪ್ರತ್ಯೇಕ ನಿಯಮ ಮಾಡಿದೆ. ಅವುಗಳ ಹೊಗೆಕೊಳವೆ ಕನಿಷ್ಠ ೩೦ ಮೀಟರ್ ಎತ್ತರ ಇರಬೇಕು. ಅಂಥ ಸ್ಥಾವರಕ್ಕೆ ಒಂದು ಬಾಗಿಲು, ಒಂದು ಪರವಾನಗಿ, ಜವಾಬು ಕೊಡುವ ಒಬ್ಬ ಅಧಿಕಾರಿ. ತಪ್ಪು ಕಂಡರೆ ಯಾರನ್ನು ಕೇಳಬೇಕು ಎಂಬುದು ಊರಿಗೆಲ್ಲ ಗೊತ್ತು.

ಈಗ ಲೆಕ್ಕ ಮಾಡಿ ನೋಡಿ. ಒಂದು ಮಧ್ಯಮ ಗಾತ್ರದ ಜನರೇಟರು ೧೨೫ ಕೆ.ವಿ.ಎ., ಅಂದರೆ ಸುಮಾರು ೧೦೦ ಕಿಲೋವ್ಯಾಟಿನದು. ಇಂಥ ೧,೨೮೦ ಯಂತ್ರಗಳು ಸೇರಿದರೆ ಒಂದು ಯಲಹಂಕ ಆಯಿತು. ವ್ಯತ್ಯಾಸ ಇಷ್ಟೇ: ಈ ಯಲಹಂಕಕ್ಕೆ ೩೦ ಮೀಟರಿನ ಹೊಗೆಕೊಳವೆ ಇಲ್ಲ, ಒಂದು ಬಾಗಿಲು ಇಲ್ಲ, ಒಬ್ಬ ಅಧಿಕಾರಿ ಇಲ್ಲ. ಅದು ಮೆಟ್ಟಿಲ ಕೆಳಗೆ, ಸೊಸೈಟಿಯ ಹಿಂಗಡೆ, ಹೋಟೆಲಿನ ಓಣಿಯಲ್ಲಿ, ಆಸ್ಪತ್ರೆಯ ಮಗ್ಗುಲಲ್ಲಿ ಹಂಚಿಹೋಗಿದೆ. ಹನಿಗೂಡಿದರೆ ಹಳ್ಳ ಎಂಬ ಮಾತು ಒಳ್ಳೆಯದಕ್ಕೆ ಮಾತ್ರ ಅಲ್ಲ, ಹೊಗೆಗೂ ಸಲ್ಲುತ್ತದೆ.

ಕಾಯಿದೆ ಏನು ಹೇಳುತ್ತದೆ

೧೯೮೧ರ ವಾಯುಮಾಲಿನ್ಯ ಕಾಯಿದೆ ಮತ್ತು ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆ ಇವು ಮೂಲ. ಇವನ್ನು ನಮ್ಮಲ್ಲಿ ನಡೆಸುವುದು ೧೯೭೦ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಕಾರಖಾನೆಗೆ ಮಂಡಳಿ ಕೊಡುವ ಸಮ್ಮತಿಪತ್ರದಲ್ಲಿ ಅಲ್ಲಿಯ ಜನರೇಟರಿನ ವಿಷಯವೂ ಬರೆದಿರುತ್ತದೆ. ೮೦೦ ಕಿಲೋವ್ಯಾಟಿನವರೆಗಿನ ಚಿಕ್ಕ ಯಂತ್ರಗಳಿಗೆ ಸಂಬಂಧಪಟ್ಟ ನಿಯಮಗಳನ್ನು ಮೂರು ಭಾಗ ಮಾಡಿ ತಿಳಿಯೋಣ.

ಮೊದಲನೆಯದು ಹೊಗೆಯ ಮಿತಿ. ಇದು ಯಂತ್ರ ತಯಾರಾಗುವ ಕಾರಖಾನೆಯಲ್ಲಿಯೇ ಅನ್ವಯಿಸುತ್ತದೆ. ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಗಳು ಮಾದರಿಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಮೇಲೆಯೇ ಅದನ್ನು ಮಾರಬಹುದು. ಪರಿಸರ ನಿಯಮಕ್ಕೆ ಒಳಪಟ್ಟಿದೆ ಎಂಬ ಪಟ್ಟಿಯನ್ನು ಯಂತ್ರಕ್ಕೆ ಅಂಟಿಸಿರಬೇಕು. ೨೦೧೪ರಲ್ಲಿ ಬಂದ ಮಿತಿಯಂತೆ ೭೫ ಕಿಲೋವ್ಯಾಟಿಗಿಂತ ದೊಡ್ಡ ಯಂತ್ರ ಒಂದು ಯುನಿಟ್ ವಿದ್ಯುತ್ತಿಗೆ ೦.೨ ಗ್ರಾಂ ಮಸಿ ಬಿಡಬಹುದಾಗಿತ್ತು. ೨೦೨೨ರ ನವೆಂಬರ್‌ನಲ್ಲಿ ಪ್ರಕಟವಾಗಿ ೨೦೨೩ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಮಿತಿಯಂತೆ ೫೬ರಿಂದ ೫೬೦ ಕಿಲೋವ್ಯಾಟಿನ ಯಂತ್ರಗಳಿಗೆ ಇದು ೦.೦೨ ಗ್ರಾಂ, ಅಂದರೆ ಹತ್ತರಲ್ಲೊಂದು ಪಾಲು.

ಈ ಗ್ರಾಂಗಳನ್ನು ಮನೆಯ ಅಳತೆಗೆ ತರೋಣ. ೧೦೦ ಕಿಲೋವ್ಯಾಟಿನ ಹಳೆಯ ಮಿತಿಯ ಯಂತ್ರ ಪೂರ್ಣ ಹೊರೆಯಲ್ಲಿ ಒಂದು ಗಂಟೆ ನಡೆದರೆ ೨೦ ಗ್ರಾಂ ಮಸಿ. ನಾಲ್ಕು ಚಮಚ ಸಕ್ಕರೆಯ ತೂಕ; ಏನು ಮಹಾ ಎನಿಸಬಹುದು. ನಮ್ಮ ದೇಶದ ೨೦೦೯ರ ವಾಯುಮಾನದಂತೆ ಒಂದು ಘನಮೀಟರ್ ಗಾಳಿಯಲ್ಲಿ ಇಂಥ ಸೂಕ್ಷ್ಮ ಕಣ ದಿನದ ಸರಾಸರಿಯಲ್ಲಿ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ೬೦ ಪಾಲು ಮೀರಬಾರದು. ಆ ೨೦ ಗ್ರಾಂ ಮಸಿಯನ್ನು ಅಷ್ಟು ತಿಳಿಯಾಗಿಸಬೇಕಾದರೆ ಮೂರು ಲಕ್ಷ ಮೂವತ್ತಮೂರು ಸಾವಿರ ಘನಮೀಟರ್ ಶುದ್ಧ ಗಾಳಿ ಬೇಕು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ನಮ್ಮ ಕೋಣೆಗಳಲ್ಲಿ ಅಳೆದರೆ ಒಂಬತ್ತು ಸಾವಿರಕ್ಕೂ ಹೆಚ್ಚು ಕೋಣೆಗಳ ಗಾಳಿ. ಹೊಸ ಯಂತ್ರವಾದರೆ ಸುಮಾರು ಒಂಬೈನೂರು ಕೋಣೆ ಸಾಕು. ಯಂತ್ರದ ವಯಸ್ಸಿಗೆ ಎಷ್ಟು ಮಹತ್ವವಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಎರಡನೆಯದು ಸದ್ದಿನ ಮಿತಿ. ೨೦೦೫ರ ಜನವರಿ ೧ರಿಂದ ಈಚೆಗೆ ತಯಾರಾದ, ೧,೦೦೦ ಕೆ.ವಿ.ಎ.ವರೆಗಿನ ಯಂತ್ರಕ್ಕೆ ಸದ್ದು ತಡೆಯುವ ಪೆಟ್ಟಿಗೆ ಇರಬೇಕು. ಕೆಲಸಗಾರರು ಇದನ್ನೇ ಕ್ಯಾನೊಪಿ ಎನ್ನುವುದು. ಆ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸದ್ದು ೭೫ ಡೆಸಿಬೆಲ್ ಮೀರಬಾರದು. ಇನ್ನೊಂದು ಕಡೆ, ೨೦೦೦ದ ಶಬ್ದಮಾಲಿನ್ಯ ನಿಯಮದಂತೆ ವಸತಿಯ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ೪೫ ಡೆಸಿಬೆಲ್ ಮಿತಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಸ್ಥೂಲವಾಗಿ ೬ ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ ೭೫ ಇದ್ದದ್ದು ೨, ೪, ೮, ೧೬ ಎಂದು ಇಮ್ಮಡಿಸುತ್ತಾ ಹೋಗಿ ೪೫ಕ್ಕೆ ಇಳಿಯಲು ೩೨ ಮೀಟರ್ ಬೇಕು. ಡೊಂಬಿವಲಿಯ ಓಣಿಯಲ್ಲಿ ೩೨ ಮೀಟರ್ ಬಿಡುವು ಎಲ್ಲಿದೆ? ಎರಡು ಗೋಡೆಗಳ ನಡುವೆ ಸದ್ದು ಬಡಿದು ಬಡಿದು ಹಿಂದಿರುಗುವುದರಿಂದ ಅಷ್ಟೂ ಇಳಿಯುವುದಿಲ್ಲ. ಹೀಗೆ ಯಂತ್ರದ ನಿಯಮವನ್ನು ಪಾಲಿಸಿದವನು ಕೂಡ ರಾತ್ರಿಯ ನಿಯಮವನ್ನು ಮುರಿದಿರಬಹುದು.

ಮೂರನೆಯದು ಹೊಗೆಕೊಳವೆಯ ಎತ್ತರ. ಇದರ ಸೂತ್ರ ಬಹಳ ಸುಲಭ. ಯಂತ್ರದ ಕೆ.ವಿ.ಎ. ಸಂಖ್ಯೆಯ ವರ್ಗಮೂಲ ತೆಗೆದು ಅದನ್ನು ೦.೨ರಿಂದ ಗುಣಿಸಿ, ಬಂದಷ್ಟು ಮೀಟರನ್ನು, ಯಂತ್ರ ಇರುವ ಕಟ್ಟಡದ ಎತ್ತರಕ್ಕೆ ಕೂಡಿಸಿ. ೨೫ ಕೆ.ವಿ.ಎ. ಯಂತ್ರವಾದರೆ ವರ್ಗಮೂಲ ೫, ಕೊಳವೆ ಮಾಳಿಗೆಗಿಂತ ೧ ಮೀಟರ್ ಮೇಲೆ. ೧೦೦ ಕೆ.ವಿ.ಎ. ಆದರೆ ೨ ಮೀಟರ್ ಮೇಲೆ. ೪೦೦ ಕೆ.ವಿ.ಎ. ಆದರೆ ೪ ಮೀಟರ್ ಮೇಲೆ. ೧೫ ಮೀಟರಿನ ಕಟ್ಟಡದಲ್ಲಿ ೧೦೦ ಕೆ.ವಿ.ಎ. ಯಂತ್ರವಿದ್ದರೆ ಕೊಳವೆಯ ತುದಿ ೧೭ ಮೀಟರಿನಲ್ಲಿರಬೇಕು. ಇದನ್ನು ನೋಡಲು ಯಾವ ಉಪಕರಣವೂ ಬೇಡ. ತಲೆ ಎತ್ತಿ ನೋಡಿದರೆ ಸಾಕು. ಕೊಳವೆ ಆಳೆತ್ತರದಲ್ಲಿಯೇ ಓಣಿಗೆ ಬಾಯಿ ತೆರೆದಿದ್ದರೆ ಅದು ನಿಯಮಕ್ಕೆ ವಿರುದ್ಧ.

ಕಾಯಿದೆಯ ಕಣ್ಣಿಗೆ ಬೀಳದ ಸಂಗತಿಗಳು

ಇಷ್ಟೆಲ್ಲ ಇದ್ದೂ ಹಿರಿಯರ ಕಿಟಕಿಗೆ ಹೊಗೆ ಏಕೆ ಬರುತ್ತದೆ? ಇದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದಾಗಿ, ಹೊಗೆಯ ಮಿತಿ ಹೊಸ ಯಂತ್ರಕ್ಕೆ ಮಾತ್ರ. ಚೆನ್ನಾಗಿ ನೋಡಿಕೊಂಡ ಜನರೇಟರು ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ವರ್ಷಕ್ಕೆ ಕೆಲವೇ ಗಂಟೆ ನಡೆಯುವ ಯಂತ್ರವನ್ನು ಯಾರೂ ಬದಲಾಯಿಸುವುದಿಲ್ಲ. ಲೋಡ್ ಶೆಡ್ಡಿಂಗಿನ ಕಾಲದಲ್ಲಿ ಕೊಂಡದ್ದು ಇಂದೂ ಎಷ್ಟೋ ಕಡೆ ಗುಡುಗುತ್ತಿದೆ. ದಿಲ್ಲಿಯ ಸುತ್ತಿನ ರಾಜಧಾನಿ ಪ್ರದೇಶದಲ್ಲಿ ೨೦೨೩ರ ಅಕ್ಟೋಬರ್‌ನಿಂದ ಹಳೆಯ ಯಂತ್ರಗಳಿಗೂ ಹೊಗೆ ತಡೆಯುವ ಉಪಕರಣ ಹಾಕಬೇಕು, ಇಲ್ಲವೇ ಅನಿಲವನ್ನೂ ಸೇರಿಸಿ ನಡೆಸಬೇಕು ಎಂಬ ಕಟ್ಟುನಿಟ್ಟು ಬಂದಿದೆ. ಹಳೆಯ ಯಂತ್ರವನ್ನು ಸುಧಾರಿಸುವ ದಾರಿ ಇದೆ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದಾಗಿ, ಹೊಗೆಕೊಳವೆಯ ಸೂತ್ರ ಯಂತ್ರ ಇರುವ ಕಟ್ಟಡವನ್ನು ಮಾತ್ರ ಕೇಳುತ್ತದೆ. ಪಕ್ಕದ ಕಟ್ಟಡ ಎಷ್ಟೆತ್ತರ ಎಂದು ಕೇಳುವುದಿಲ್ಲ. ನಾಲ್ಕು ಮಹಡಿಯ ಹಳೆಯ ಕಟ್ಟಡದ ಮಗ್ಗುಲಲ್ಲಿಯೇ ಇಪ್ಪತ್ತು ಮಹಡಿಯ ಹೊಸ ಗೋಪುರ ಏಳುವುದು ಥಾಣೆ ಕಲ್ಯಾಣಗಳಲ್ಲಿ ನಿತ್ಯದ ನೋಟ. ಹಳೆಯ ಕಟ್ಟಡದ ಕೊಳವೆ ಸೂತ್ರಕ್ಕೆ ಸರಿಯಾಗಿಯೇ ನಿಂತು, ಗೋಪುರದ ಆರನೆಯ ಮಹಡಿಯ ಮಲಗುವ ಕೋಣೆಗೆ ಹೊಗೆಯೂದಬಹುದು. ಅಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ಕೆಮ್ಮುವವರು ಮಾತ್ರ ಇದ್ದಾರೆ.

ಮೂರನೆಯದಾಗಿ, ಯಂತ್ರವನ್ನು ನಡೆಸುವ ರೀತಿ. ಮುಂದೆ ಬೇಕಾದೀತೆಂದು ದೊಡ್ಡ ಯಂತ್ರ ಕೊಂಡು, ಒಂದು ಲಿಫ್ಟು ನಾಲ್ಕು ದೀಪಕ್ಕೆ ನಡೆಸುವ ಸೊಸೈಟಿಗಳಿವೆ. ಶಕ್ತಿಯ ಶೇಕಡಾ ಮೂವತ್ತಕ್ಕಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ನಡೆದ ಡೀಸೆಲ್ ಎಂಜಿನ್ನು ಸರಿಯಾಗಿ ಕಾಯುವುದಿಲ್ಲ. ಉರಿಯದ ಇಂಧನ ಕೊಳವೆಯಲ್ಲಿ ಜಿಡ್ಡಾಗಿ ಕೂಡುತ್ತದೆ, ಹೊಗೆ ಹೆಚ್ಚುತ್ತದೆ, ಯಂತ್ರವೂ ಬೇಗ ಸವೆಯುತ್ತದೆ. ನಾನು ಗುಮಾಸ್ತನಾಗಿರುವ ಗಿರಣಿಯಲ್ಲಿ ಡೀಸೆಲಿನ ರಿಜಿಸ್ಟರು ಬರೆಯುವ ಕೆಲಸ ನನ್ನದು. ಒಳ್ಳೆಯ ಹೊರೆ ಇದ್ದ ದಿನ ಲೀಟರಿಗೆ ಮೂರು, ಮೂರೂವರೆ ಯುನಿಟ್ ಬರುತ್ತದೆ. ಹೊರೆ ಇಲ್ಲದ ದಿನ ಆ ಲೆಕ್ಕ ಕುಸಿಯುತ್ತದೆ. ಲೀಟರಿಗೆ ತೊಂಬತ್ತು ರೂಪಾಯಿ ಎಂದು ಹಿಡಿದರೆ ಒಳ್ಳೆಯ ದಿನದ ಯುನಿಟ್ಟಿಗೇ ಇಪ್ಪತ್ತಾರರಿಂದ ಮೂವತ್ತು ರೂಪಾಯಿ ಬಿದ್ದಂತಾಯಿತು. ಕೆಟ್ಟ ದಿನದ್ದನ್ನು ಓದುಗರೇ ಊಹಿಸಿಕೊಳ್ಳಬಹುದು. ಹೊಗೆ ಹೆಚ್ಚಿದರೆ ಹಣವೂ ಹೊಗೆಯಾಗುತ್ತಿದೆ ಎಂದೇ ತಿಳಿಯಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಮೊತ್ತ. ೨೦೦೯ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ೮೮ ಕೈಗಾರಿಕಾ ಪ್ರದೇಶಗಳ ಗಾಳಿ, ನೀರು, ನೆಲ ಮೂರನ್ನೂ ತೂಗಿ ಅಂಕ ಕೊಟ್ಟಿತು. ೭೦ಕ್ಕಿಂತ ಮೇಲಿನ ಅಂಕವೆಂದರೆ ತೀವ್ರ ಮಲಿನ. ಡೊಂಬಿವಲಿಗೆ ೭೮.೪೧, ನವಿ ಮುಂಬಯಿಗೆ ೭೩.೭೭ ಬಂದಿತ್ತು. ತವರಿನ ಮಂಗಳೂರು, ಭದ್ರಾವತಿಗಳೂ ಅದೇ ಸಾಲಿನಲ್ಲಿದ್ದವು. ಆ ಅಂಕಕ್ಕೆ ಜನರೇಟರೇ ಕಾರಣವೆಂದಲ್ಲ. ಆದರೆ ಗಾಳಿ ಈಗಾಗಲೇ ಭಾರವಾಗಿರುವ ಊರಿನಲ್ಲಿ ಪ್ರತಿಯೊಂದು ಹೊಸ ಹೊಗೆಯೂ ತುಂಬಿದ ಕೊಡಕ್ಕೆ ಸುರಿದ ನೀರು. ಕರೆಂಟು ಹೋದಾಗ ಓಣಿಯ ಹನ್ನೆರಡು ಯಂತ್ರಗಳೂ ಒಂದೇ ನಿಮಿಷದಲ್ಲಿ ಎದ್ದು ಕೂಡುತ್ತವೆ. ಒಂದೊಂದೂ ತನ್ನ ಮಿತಿಯೊಳಗೆ ಇರಬಹುದು. ಹನ್ನೆರಡನ್ನು ಕೂಡಿಸಿದ ಮಿತಿ ಯಾವ ಪುಸ್ತಕದಲ್ಲಿಯೂ ಇಲ್ಲ.

ನಾವು ಮಾಡಬಹುದಾದದ್ದು

ಸೊಸೈಟಿಯ ಕಮಿಟಿಯ ಸದಸ್ಯರಾಗಿರುವವರು ಯಂತ್ರವನ್ನು ಪರೀಕ್ಷೆಗಾಗಿ ನಡೆಸುವುದನ್ನು ಹಗಲಿಗೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗಂತೂ ಬೇಡ. ಬರಿದೆ ನಡೆಸದೆ ಲಿಫ್ಟು, ಪಂಪುಗಳ ಹೊರೆ ಕೊಟ್ಟು ನಡೆಸಬೇಕು. ಕ್ಯಾನೊಪಿಯ ಬಾಗಿಲನ್ನು ತೆರೆದಿಟ್ಟರೆ ಅದು ಇದ್ದೂ ಇಲ್ಲದಂತೆ. ಹೊಸತು ಕೊಳ್ಳುವಾಗ ಗುತ್ತಿಗೆದಾರನ ಮಾತಿಗಿಂತ ನಿಮ್ಮ ಹೊರೆಯ ಲೆಕ್ಕವನ್ನು ನಂಬಿರಿ. ಜಿನುಗುವ ದೀಪಗಳಿಗೆ, ಕೆಲವು ಕಡೆ ಲಿಫ್ಟಿಗೂ, ಬ್ಯಾಟರಿಯ ಇನ್ವರ್ಟರು ಸಾಕಾಗುತ್ತದೆ. ಅದಕ್ಕೆ ಹೊಗೆಯೂ ಇಲ್ಲ, ಸದ್ದೂ ಇಲ್ಲ.

ಹೋಟೆಲು ಅಂಗಡಿಯ ಮಾಲೀಕರಿಗೆ ಎರಡು ಮಾತು. ಮಳೆ ಬರುತ್ತದೆಂದು ಚಿಕ್ಕ ಯಂತ್ರವನ್ನು ಒಳಗೆ ತಂದು ಶಟರು ಎಳೆದು ಎಂದಿಗೂ ನಡೆಸಬೇಡಿ. ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಗಡಿಯೊಳಗೆ ಮಲಗಿದ ಹುಡುಗರು ಏಳದೆ ಹೋಗಬಹುದು. ಇನ್ನೊಂದು, ಡೀಸೆಲಿನ ಸಂಗ್ರಹ. ಪರವಾನಗಿ ಇಲ್ಲದೆ ಒಟ್ಟು ೨,೫೦೦ ಲೀಟರಿಗಿಂತ ಹೆಚ್ಚು ಇಡುವಂತಿಲ್ಲ. ಒಂದೊಂದು ಪಾತ್ರೆಯೂ ೧,೦೦೦ ಲೀಟರನ್ನು ಮೀರುವಂತಿಲ್ಲ.

ತೊಂದರೆಗೆ ಒಳಗಾದವರು ಮೊದಲು ನೆರೆಯವರೊಡನೆ ಮಾತಾಡುವುದು ಲೇಸು. ಅವರಿಗೂ ಕರೆಂಟು ಹೋಗುವುದು ಇಷ್ಟವಿಲ್ಲ. ಎಷ್ಟೋ ಸಲ ಕೊಳವೆಯನ್ನು ಎರಡು ಮೂರು ಮೀಟರ್ ಏರಿಸುವುದರಿಂದ ವ್ಯಾಜ್ಯ ಮುಗಿಯುತ್ತದೆ. ಅದರಿಂದ ಆಗದಿದ್ದರೆ ಬರಹದಲ್ಲಿ ದೂರು ಕೊಡಬೇಕು. ಹೊಗೆಗೆ ಸಂಬಂಧಿಸಿದ್ದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳು ಕಲ್ಯಾಣ, ಥಾಣೆ, ನವಿ ಮುಂಬಯಿ ಮೂರೂ ಕಡೆ ಇವೆ. ರಾತ್ರಿಯ ಸದ್ದಿಗೆ ಪೊಲೀಸರಲ್ಲಿ ದೂರು ಕೊಡಬಹುದು. "ಬಹಳ ತೊಂದರೆಯಾಗಿದೆ" ಎಂದಷ್ಟೇ ಬರೆದ ಕಾಗದ ಫೈಲಿನಲ್ಲಿ ಮಲಗುತ್ತದೆ. ಯಂತ್ರ ಎಷ್ಟು ಕೆ.ವಿ.ಎ., ಕಟ್ಟಡ ಎಷ್ಟು ಮೀಟರ್, ಕೊಳವೆ ಎಲ್ಲಿ ಕೊನೆಯಾಗಿದೆ, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನಡೆಯಿತು ಎಂದು ಅಂಕೆಗಳಿಂದ ಬರೆದ ಕಾಗದಕ್ಕೆ ಉತ್ತರ ಕೊಡದೆ ಇರುವುದು ಯಾವ ಕಚೇರಿಗಾದರೂ ಕಷ್ಟ. ಗುಮಾಸ್ತನ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಕರೆಂಟು ಪದೇ ಪದೇ ಹೋಗುವುದೇ ರೋಗದ ಬೇರು ಎಂಬುದನ್ನೂ ಮರೆಯಬಾರದು. ಅದಕ್ಕೆ ಮಹಾವಿತರಣದಲ್ಲಿಯೇ ಗ್ರಾಹಕರ ದೂರು ಕೇಳುವ ವೇದಿಕೆ ಇದೆ. ತಂತಿ ಸರಿಯಾದ ಓಣಿಯಲ್ಲಿ ಹನ್ನೆರಡು ಯಂತ್ರಗಳೂ ಸುಮ್ಮನೆ ಮಲಗಿರುತ್ತವೆ. ಜನರೇಟರಿನ ಹೊಗೆಗೆ ಅದಕ್ಕಿಂತ ಒಳ್ಳೆಯ ನಿಯಂತ್ರಣ ಇನ್ನೊಂದಿಲ್ಲ.

ಇನ್ನು ಯಾರೂ ಹಾಕದ ಆ ಮೊತ್ತದ ವಿಷಯ. ನಮ್ಮ ವಾಚನಾಲಯದಲ್ಲಿ ವಾರಪತ್ರಿಕೆಗಳ ಮೇಜಿನ ಮೇಲೆ ಈ ತಿಂಗಳಿನಿಂದ ಒಂದು ದಪ್ಪ ನೋಟುಪುಸ್ತಕವನ್ನು ಇಡುತ್ತಿದ್ದೇವೆ. ಅದರಲ್ಲಿ ಐದು ಕಲಮುಗಳು: ಓಣಿಯ ಹೆಸರು, ಯಂತ್ರದ ಕೆ.ವಿ.ಎ., ಪಟ್ಟಿಯ ಮೇಲಿನ ತಯಾರಿಕೆಯ ವರ್ಷ, ಕೊಳವೆ ಮಾಳಿಗೆಗಿಂತ ಮೇಲೋ ಕೆಳಗೋ, ವಾರದಲ್ಲಿ ನಡೆದ ಗಂಟೆಗಳು. ಮಾಲೀಕರ ಹೆಸರು ಬರೆಯುವುದು ಬೇಡ. ಯಾರನ್ನೂ ಹಿಡಿದುಕೊಡುವುದು ನಮ್ಮ ಉದ್ದೇಶವಲ್ಲ. ಯಂತ್ರ ಇದ್ದವರೂ ಬರೆಯಲಿ, ಹೊಗೆ ಕುಡಿದವರೂ ಬರೆಯಲಿ. ಮಳೆಗಾಲ ಮುಗಿದ ಮೇಲೆ ಓಣಿವಾರು ಕೂಡಿಸಿ ಈ ಪತ್ರಿಕೆಯಲ್ಲಿಯೇ ಅಚ್ಚು ಹಾಕಿ, ಒಂದು ಪ್ರತಿಯನ್ನು ಮಂಡಳಿಯ ಕಲ್ಯಾಣದ ಕಚೇರಿಗೂ ಇನ್ನೊಂದನ್ನು ಮಹಾವಿತರಣಕ್ಕೂ ಕಳಿಸುತ್ತೇವೆ. ಪೆನ್ಸಿಲನ್ನು ನೋಟುಪುಸ್ತಕಕ್ಕೆ ದಾರದಿಂದ ಕಟ್ಟಿದೆ; ದಯವಿಟ್ಟು ಅದನ್ನು ಅಲ್ಲಿಯೇ ಬಿಟ್ಟುಹೋಗಬೇಕಾಗಿ ವಿನಂತಿ.